ಆಷಾಢ ಶುಕ್ರವಾರದ ಎಪ್ಪತ್ತು ಕಟ್ಟು

ಸರ್ವೇಯರ್ ಸಾಹೇಬರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ತಿಮ್ಮರಾಯ ಕೇಳಿದಾಗ ನೀಲಗಂಗಾ ಸುಟ್ಟ ಶೆಡ್ಡಿನ ನಟ್ಟನಡುವೆ ನಿಂತು ಅಳತೆ ಟೇಪನ್ನು ಬಿಚ್ಚುತ್ತಿದ್ದಳು. ಟೇಪಿನ ತುದಿಯನ್ನು ಅವನ ಕೈಗೇ ಕೊಟ್ಟಳು.

"ಬಂದಾಯ್ತು. ಇದನ್ನ ಆ ಕಂಬದ ಬುಡಕ್ಕೆ ಹಿಡ್ಕೊಳಿ."

ಅವನು ಹೇಳಿದಂತೆ ಹಿಡಿದುಕೊಂಡ. ಆಮೇಲೆ ಅವನ ಮುಖ ನೋಡಬೇಕಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಜಡೆಯನ್ನು ಹಿಂದಕ್ಕೆ ಕಟ್ಟಿ, ಕಾಲಿಗೆ ಅಪ್ಪನ ಹಳೆಯ ಬೂಟು ಹಾಕಿಕೊಂಡು ಬಂದವಳನ್ನು ಅವನು ಅಗರಬತ್ತಿ ಕೊಳ್ಳಲು ಬಂದ ಗಿರಾಕಿ ಎಂದುಕೊಂಡಿದ್ದ. ಬತ್ತಿಯೆಲ್ಲ ಸುಟ್ಟುಹೋಗಿದೆ, ಶ್ರಾವಣಕ್ಕೆ ಬನ್ನಿ ಎಂದು ಸಮಾಧಾನವನ್ನೂ ಹೇಳಿದ್ದ. ಈಗ ಕಿವಿಯವರೆಗೆ ಕೆಂಪಾಗಿ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ.

ನೀಲಗಂಗಾಗೆ ನಗು ಬಂತು. ತಡೆದುಕೊಂಡಳು. ಇದು ನಗುವ ಕೆಲಸವಾಗಿರಲಿಲ್ಲ.

ಬೆಂಕಿಯೋ ನೀರೋ ಬಂದು ಹೋದ ಮೇಲೆ, ವಿಮಾ ಕಂಪನಿಗೂ ನಷ್ಟಕ್ಕೆ ಸಿಕ್ಕವರಿಗೂ ನಡುವೆ ನಿಂತು, ನಿಜವಾಗಿ ಹಾಳಾದದ್ದು ಎಷ್ಟು ಎಂದು ಹೇಳುವವರು ಸರ್ವೇಯರುಗಳು. ಜಯನಗರದ ಮೂರನೆಯ ಬ್ಲಾಕಿನಲ್ಲಿ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ ಶಾಂತವೀರಪ್ಪನವರು ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದರು. ಬಿ.ಎಸ್ಸಿ. ಮುಗಿಸಿದ ನೀಲಗಂಗಾ ಎರಡು ವರ್ಷದಿಂದ ಅವರ ವರದಿಗಳನ್ನು ಟೈಪು ಮಾಡುತ್ತಿದ್ದಳು. ಮಾಡುತ್ತ ಮಾಡುತ್ತ ಅವರ ತಪ್ಪುಗಳನ್ನೂ ತಿದ್ದುತ್ತಿದ್ದಳು. ಅವರು ಅದನ್ನು ಕಂಡೂ ಕಾಣದಂತೆ ಇದ್ದರು.

ಆ ವರ್ಷ, ಅಂದರೆ ಅರವತ್ತೊಂಬತ್ತರಲ್ಲಿ, ಹೊಸ ಕಾನೂನು ಬಂತು. ಗಡುವು ಮುಗಿದ ಮೇಲೆ ಲೈಸೆನ್ಸು ಇಲ್ಲದವರು ಈ ಕೆಲಸ ಮಾಡುವಂತಿಲ್ಲ, ಅದಕ್ಕೆ ಶಿಮ್ಲಾದಲ್ಲಿರುವ ವಿಮಾ ನಿಯಂತ್ರಕರ ಕಚೇರಿಗೆ ಅರ್ಜಿ ಹಾಕಬೇಕು. ಶಾಂತವೀರಪ್ಪನವರು ತಮ್ಮ ಅರ್ಜಿಯನ್ನು ಟೈಪು ಮಾಡಿಸಿ, ಇನ್ನೊಂದು ಖಾಲಿ ಫಾರಮ್ಮನ್ನು ಅವಳ ಮುಂದೆ ತಳ್ಳಿದರು. ಯಾವ ಕೆಲಸ ಆರಿಸಿಕೊಳ್ಳುತ್ತೀಯ ಎಂದು ಮೊದಲು ತೀರ್ಮಾನ ಮಾಡು ಎಂದರು. ಮೋಟಾರು ಎಂದರೆ ಗ್ಯಾರೇಜುಗಳಲ್ಲಿ ಲಾರಿಯ ಕೆಳಗೆ ಮಲಗಬೇಕು, ಹಡಗಿನ ಸರಕು ಎಂದರೆ ಮದರಾಸಿಗೆ ಅಲೆಯಬೇಕು. ಅವಳು ಬೆಂಕಿಯನ್ನು ಆರಿಸಿಕೊಂಡಳು. ಸುಟ್ಟ ಜಾಗಕ್ಕೆ ಹೋಗಿ ಬೂದಿಯಿಂದ ನಿಜವನ್ನು ಹೆಕ್ಕುವುದು ಅವಳಿಗೆ ಇಷ್ಟವಾಗಿತ್ತು.

ಅರ್ಜಿಯ ಜೊತೆ ಅವಳ ಅನುಭವಕ್ಕೆ ಸಾಕ್ಷಿಯಾಗಿ ತಾವು ಒಂದು ಪತ್ರ ಕೊಡುತ್ತೇವೆ, ಆದರೆ ಅದಕ್ಕೆ ಮೊದಲು ಒಂದು ಸರ್ವೆಯನ್ನು ಅವಳೊಬ್ಬಳೇ ಮಾಡಿ, ವರದಿಗೆ ತನ್ನ ಸಹಿ ಹಾಕಿ ತೋರಿಸಬೇಕು ಎಂದು ಶಾಂತವೀರಪ್ಪನವರ ಷರತ್ತು. ಆ ಒಂದು ಸರ್ವೆಯೇ ಸಾರಕ್ಕಿಯ ಅಗರಬತ್ತಿ ಶೆಡ್ಡು.

ಮನೆಯಲ್ಲಿ ಇನ್ನೊಂದು ಷರತ್ತಿತ್ತು. ತ್ಯಾಗರಾಜನಗರದ ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದ ಅಪ್ಪ ಗುರುಬಸಪ್ಪನವರು ಒಂದು ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಹೇಳಿದ್ದರು.

"ದೀಪಾವಳಿವರೆಗೂ ನೋಡ್ತೀನಿ. ಅಷ್ಟರಲ್ಲಿ ಆ ಲೈಸೆನ್ಸು ಬಂದ್ರೆ ನಿನ್ನಿಷ್ಟ. ಬರ್ಲಿಲ್ಲಾಂದ್ರೆ ದಾವಣಗೆರೆಯವರಿಗೆ ಹೂಂ ಅಂತೀನಿ."

ದಾವಣಗೆರೆಯ ಹುಡುಗನಿಗೆ ಎರಡು ಬಟ್ಟೆ ಅಂಗಡಿ, ದೊಡ್ಡ ಮನೆ. ಕೆಲಸಕ್ಕೆ ಹೋಗುವ ಸೊಸೆ ಅವರಿಗೆ ಬೇಕಿರಲಿಲ್ಲ. ನೀಲಗಂಗಾ ಫೋಟೋ ನೋಡಿದ್ದಳು. ಹುಡುಗ ಚೆನ್ನಾಗಿಯೇ ಇದ್ದ. ಆ ಮನೆಯ ಬಾಗಿಲು ದಾಟಿದ ಮೇಲೆ ತಾನು ಮತ್ತೆ ಟೇಪು ಹಿಡಿಯುವುದಿಲ್ಲ ಎನ್ನುವುದು ಮಾತ್ರ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಹಾಗಾಗಿ ಅವಳು ನಗಲಿಲ್ಲ. ಪುಸ್ತಕ ತೆಗೆದು ಕೇಳಿದಳು, ಹೆಸರು?

"ಕಾಗದದಲ್ಲಿ ತಿಮ್ಮರಾಯಪ್ಪ. ಊರಲ್ಲಿ ತಿಮ್ಮರಾಯ," ಎಂದ ಅವನು. "ನಿಮಗೆ ಯಾವುದು ಬೇಕೋ ಅದು."

ಅವಳು ತಿಮ್ಮರಾಯಪ್ಪ ಎಂದು ಬರೆದುಕೊಂಡಳು.

*

ಬೆಂಕಿ ಬಿದ್ದದ್ದು ಆಷಾಢದ ಶುಕ್ರವಾರ ಸಂಜೆ. ವಾರವಿಡೀ ಜಡಿ ಮಳೆ, ಬಿಸಿಲೇ ಇಲ್ಲ. ಹೊಸೆದ ಬತ್ತಿ ಒಣಗಲೆಂದು ಶೆಡ್ಡಿನಲ್ಲಿ ಕೆಂಡದ ಒಲೆ ಇಟ್ಟಿದ್ದರು. ಮನೆಯವರೆಲ್ಲ ಲಕ್ಷ್ಮೀಪೂಜೆಗೆ ಕೂತಿದ್ದಾಗ ಕಿಡಿ ಹಾರಿ ಇದ್ದಿಲ ಪುಡಿಯ ಚೀಲಕ್ಕೆ ತಾಗಿತ್ತು. ತಿಮ್ಮರಾಯ ಊರಲ್ಲಿರಲಿಲ್ಲ. ಚಾಮುಂಡಿ ಬೆಟ್ಟಕ್ಕೆ ಬರುವ ಜನರಿಗೆ ಬತ್ತಿ ಮಾರಲು ಮೈಸೂರಿಗೆ ಹೋಗಿದ್ದವನು ಶನಿವಾರ ಬೆಳಿಗ್ಗೆ ಬಂದು ನೋಡಿದಾಗ ನಾಲ್ಕು ಕಂಬ ಮಾತ್ರ ನಿಂತಿದ್ದವು.

ಮೊದಲ ದಿನವೇ ಅವನ ತಾಯಿ ಲಕ್ಷ್ಮಿದೇವಮ್ಮ ಹಿತ್ತಾಳೆ ಲೋಟದಲ್ಲಿ ಕಾಫಿ ತಂದರು. ನೀಲಗಂಗಾ ಕೈಮುಗಿದು ಬೇಡವೆಂದಳು. ಸರ್ವೆಗೆ ಹೋದ ಮನೆಯಲ್ಲಿ ಏನನ್ನೂ ಮುಟ್ಟಬಾರದು, ನೀರಿನ ಬಾಟಲಿ ಕೂಡ ನಮ್ಮದೇ ಇರಬೇಕು ಎನ್ನುವುದು ಶಾಂತವೀರಪ್ಪನವರು ಕಲಿಸಿದ ಮೊದಲ ಪಾಠ. ಲಕ್ಷ್ಮಿದೇವಮ್ಮನ ಮುಖ ಸಣ್ಣದಾಯಿತು. ಬೇರೆ ಜಾತಿಯ ಮನೆ ಎಂದು ಬೇಡ ಅಂದಳೇನೋ ಎಂದುಕೊಂಡರು. ನೀಲಗಂಗಾ ನಿಯಮದ ವಿಷಯ, ಶಿಮ್ಲಾದಿಂದ ಬರಬೇಕಾದ ಲೈಸೆನ್ಸಿನ ವಿಷಯ ವಿವರಿಸಿದರೂ ಅವರಿಗೆ ಅಷ್ಟೊಂದು ನಂಬಿಕೆ ಬರಲಿಲ್ಲ.

ಮಾರನೆಯ ದಿನ ಮತ್ತೆ ಕಾಫಿ ಬಂತು, ಮತ್ತೆ ಹೋಯಿತು. ತಿಮ್ಮರಾಯ ಆ ಲೋಟವನ್ನು ತಾನೇ ಎತ್ತಿಕೊಂಡು ಅವಳ ಎದುರೇ ನಿಧಾನವಾಗಿ ಕುಡಿದ.

"ಉಸಿರಾಡಬಹುದಾ ಮೇಡಂ ಇಲ್ಲಿ? ಇಲ್ಲಾ ಅದಕ್ಕೂ ಶಿಮ್ಲಾಕ್ಕೆ ಬರೀಬೇಕಾ?"

ಅವಳು ತಲೆ ಎತ್ತದೆ ಬರೆಯುತ್ತಿದ್ದಳು. ತುಟಿ ಮಾತ್ರ ಒಂದು ಕಡೆಗೆ ಎಳೆಯಿತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಅಷ್ಟಕ್ಕೇ ಅವಳು ಬರೆಯುತ್ತಿದ್ದ ಅಂಕಿ ತಪ್ಪಿಹೋಗಿ, ಕಂಬಗಳ ನಡುವಿನ ಅಂತರವನ್ನು ಎರಡನೆಯ ಸಲ ಅಳೆಯಬೇಕಾಯಿತು.

ಸುಟ್ಟ ಸರಕಿನಲ್ಲಿ ಮುಖ್ಯವಾದದ್ದು ಬಿದಿರು ಕಡ್ಡಿಯ ಕಟ್ಟುಗಳು. ಮನೆಯೊಳಗಿದ್ದು ಉಳಿದುಕೊಂಡ ರಿಜಿಸ್ಟರಿನ ಪ್ರಕಾರ ಶೆಡ್ಡಿನಲ್ಲಿ ಇನ್ನೂರ ನಲವತ್ತು ಕಟ್ಟು ಇದ್ದವು, ಕ್ಲೈಮಿನ ಫಾರಮ್ಮಿನಲ್ಲೂ ತಿಮ್ಮರಾಯ ಅಷ್ಟೇ ಬರೆದಿದ್ದ. ಆದರೆ ಬಿದಿರು ಸುಟ್ಟರೆ ಬರೀ ಬೂದಿ. ಅದನ್ನು ಎಣಿಸುವುದು ಹೇಗೆ? ನೀಲಗಂಗಾ ಅರ್ಧ ಗಂಟೆ ಬೂದಿಯ ಮುಂದೆ ಕೂತಳು. ಆಮೇಲೆ ಬೂಟಿನ ತುದಿಗೆ ಏನೋ ಸಿಕ್ಕಿತು. ತೆಳುವಾದ ಕಬ್ಬಿಣದ ತಂತಿಯ ಬಳೆ. ಪ್ರತಿಯೊಂದು ಕಟ್ಟನ್ನೂ ಒಂದೇ ತಂತಿಯಿಂದ ಬಿಗಿದಿರುತ್ತಾರೆ ಎಂದು ತಿಮ್ಮರಾಯ ಹೇಳಿದ. ಕಡ್ಡಿ ಸುಟ್ಟಿತ್ತು, ತಂತಿ ಉಳಿದಿತ್ತು.

"ಜರಡಿ ಇದೆಯಾ?" ಎಂದು ಕೇಳಿದಳು.

ಮೂರನೆಯ ದಿನ ಇಬ್ಬರೂ ಎದುರುಬದುರು ಕೂತು ಬೂದಿ ಜರಡಿ ಹಿಡಿದರು. ಸಿಕ್ಕ ಬಳೆಗಳನ್ನು ಅವನು ಹತ್ತು ಹತ್ತರಂತೆ ಹಗ್ಗಕ್ಕೆ ಪೋಣಿಸುತ್ತ ಹೋದ. ಪೋಣಿಸುತ್ತ ಅಪ್ಪನ ಬಗ್ಗೆ ಹೇಳಿದ. ಸಾರಕ್ಕಿ ಕೆರೆಯ ಕೆಳಗಿನ ಎರಡೆಕರೆ ಗದ್ದೆ ಸೈಟುಗಳಾಗಿ ಹೋದ ಮೇಲೆ, ಸುಮ್ಮನೆ ಕೂರಲಾರದೆ ಅಪ್ಪ ಆರು ಹೆಂಗಸರನ್ನು ಸೇರಿಸಿ ಬತ್ತಿ ಹೊಸೆಯುವ ಕೆಲಸ ಶುರುಮಾಡಿದ್ದರು. ಅಪ್ಪ ಹೋಗಿ ನಾಲ್ಕು ವರ್ಷ. ಈಗ ಹದಿನಾಲ್ಕು ಮನೆಗಳಿಗೆ ಇದೇ ಅನ್ನ. ಕಡ್ಡಿ, ಪುಡಿ ಇಲ್ಲಿಂದ ಹೋಗುತ್ತದೆ, ಹೆಂಗಸರು ಮನೆಯಲ್ಲೇ ಮಣೆಯ ಮೇಲೆ ಹೊಸೆದು ತಂದುಕೊಡುತ್ತಾರೆ. ವಿಮೆಯ ದುಡ್ಡು ಬರದಿದ್ದರೆ ಮತ್ತೆ ಶೆಡ್ಡು ಏಳುವುದಿಲ್ಲ ಎಂದು ಹೇಳಿ ಅವನು ಇನ್ನೊಂದು ಬಳೆ ಪೋಣಿಸಿದ.

ಅವನ ರೆಪ್ಪೆಗಳ ಮೇಲೆ ಬೂದಿ ಕೂತಿತ್ತು. ಒರೆಸಿಕೊಳ್ಳಿ ಎನ್ನಬೇಕೆಂದು ನೀಲಗಂಗಾಗೆ ಎರಡು ಸಲ ಅನ್ನಿಸಿತು. ಹೇಳಿದರೆ ಅಷ್ಟು ಹೊತ್ತು ನೋಡುತ್ತಿದ್ದೆ ಎಂದು ಒಪ್ಪಿಕೊಂಡ ಹಾಗೆ ಎಂದು ಬಿಟ್ಟಳು.

ಸಂಜೆಗೆ ಹದಿನೇಳು ಹಗ್ಗಗಳಾದವು. ನೂರ ಎಪ್ಪತ್ತು ಬಳೆ. ಬೂದಿಯಲ್ಲಿ ಇನ್ನೊಂದೂ ಇರಲಿಲ್ಲ. ಅವಳು ಮೂಲೆಮೂಲೆಯನ್ನು ಕೆದಕಿ, ನೆಲವನ್ನು ಗುಡಿಸಿ ನೋಡಿದಳು. ಎಪ್ಪತ್ತು ಕಟ್ಟು ಕಡಿಮೆ.

ಸರಿಯಾಯಿತೇ ಎಂದು ಅವನು ಕೇಳಿದ. ಇನ್ನೂ ನೋಡಬೇಕು ಎಂದು ಹೇಳಿ ಚೀಲ ಎತ್ತಿಕೊಂಡಳು. ಮೊದಲ ಸಲ ಅವನ ಕಣ್ಣು ತಪ್ಪಿಸಿದ್ದಳು.

ಬಸ್ಸಿಗೆಂದು ಬನಶಂಕರಿ ಗುಡಿಯ ಕಡೆ ನಡೆಯುತ್ತಿದ್ದಾಗ, ಊರಂಚಿನ ಒಂದು ಮನೆಯ ಜಗಲಿಯಲ್ಲಿ ಮುದುಕಿಯೊಬ್ಬಳು ಬತ್ತಿ ಹೊಸೆಯುತ್ತ ಕೂತಿದ್ದಳು. ಹೆಸರು ಸೊಣ್ಣಮ್ಮ. ಅವಳ ಪಕ್ಕದಲ್ಲಿ ತಂತಿ ಬಿಗಿದ ಮೂರು ಕಟ್ಟುಗಳಿದ್ದವು. ಯಾವಾಗ ಕೊಟ್ಟದ್ದು ಎಂದು ನೀಲಗಂಗಾ ಸಹಜವಾಗಿ ಕೇಳಿದಂತೆ ಕೇಳಿದಳು.

"ಬೆಂಕಿ ಬಿತ್ತಲ್ಲ, ಅವತ್ತು ಬೆಳಿಗ್ಗೆ ಕಣವ್ವ. ಶ್ರಾವಣಕ್ಕೆ ಬೇಕು ಅಂತ ಎಲ್ರಿಗೂ ಐದೈದು ಕೊಟ್ರು."

ಹದಿನಾಲ್ಕು ಮನೆ, ಐದೈದು ಕಟ್ಟು. ರಿಜಿಸ್ಟರಿನಲ್ಲಿ ಆ ಶುಕ್ರವಾರದ ಮುಂದೆ ಒಂದಕ್ಷರವೂ ಇರಲಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಸಂಜೆ ಅವಳಿಗೆ ಊಟ ಸೇರಲಿಲ್ಲ. ಅವನು ಕಳ್ಳನಾಗಿದ್ದರೆ ತನಗೇಕೆ ಇಷ್ಟು ನೋವಾಗಬೇಕು ಎಂದು ಕೇಳಿಕೊಂಡು, ಉತ್ತರಕ್ಕೆ ಕಾಯದೆ ಮಲಗಿದಳು.

*

ಬೆಳಿಗ್ಗೆ ಹೋಗುತ್ತಲೇ ಕೇಳಿಬಿಟ್ಟಳು. ಕೂರಲೂ ಇಲ್ಲ.

"ಶುಕ್ರವಾರ ಹೊರಗೆ ಕೊಟ್ಟ ಎಪ್ಪತ್ತು ಕಟ್ಟನ್ನ ಸುಟ್ಟುಹೋಯ್ತು ಅಂತ ಯಾಕೆ ಬರೆದ್ರಿ?"

ಅವನ ಮುಖದ ರಕ್ತ ಇಳಿದುಹೋಯಿತು. "ಯಾವ ಎಪ್ಪತ್ತು? ಶುಕ್ರವಾರ ನಾನು ಊರಲ್ಲೇ ಇರ್ಲಿಲ್ಲ. ಪುಸ್ತಕದಲ್ಲಿ ಇದ್ದಿದ್ದನ್ನ ಬರೆದೆ." ಒಂದು ಹೆಜ್ಜೆ ಮುಂದೆ ಬಂದು ಕೇಳಿದ, "ನಿಮ್ಮ ಕಣ್ಣಿಗೆ ನಾನು ಕಳ್ಳನ ಹಾಗೆ ಕಾಣ್ತೀನಾ?"

"ಕಂಡಿದ್ದನ್ನ ನಾನು ಬರೆಯೋ ಹಾಗಿಲ್ಲ. ಎಣಿಸಿದ್ದನ್ನ ಬರೀಬೇಕು," ಎಂದಳು. ಅವಳ ದನಿ ನಡುಗಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಾತು ಕೇಳಿ ಲಕ್ಷ್ಮಿದೇವಮ್ಮ ಹೊಸಿಲಿಗೆ ಬಂದರು. ಕಟ್ಟು ಕೊಟ್ಟದ್ದು ತಾನೇ ಎಂದರು. ಮತ್ತೆ ಬರೆಯಲಿಲ್ಲವೇಕೆ ಎಂದು ಮಗ ಕೇಳಿದಾಗ, ಇಂಥದ್ದನ್ನೂ ಕೇಳುತ್ತಾನಲ್ಲ ಎನ್ನುವಂತೆ ನೋಡಿದರು.

"ಶುಕ್ರವಾರ ಹೊರಗೆ ಹೋಗಿದ್ದನ್ನ ಯಾವತ್ತು ಬರೆದಿದೀವಪ್ಪ ನಾವು? ಅದ್ರಲ್ಲೂ ಆಷಾಢ ಶುಕ್ರವಾರ. ಲಕ್ಷ್ಮಿ ಮನೆ ಬಿಟ್ಟು ಹೋದ್ಲು ಅಂತ ಕೈಯಾರ ಬರೆದಂಗಾಗ್ತದೆ. ನಿಮ್ಮಪ್ಪನ ಕಾಲದಿಂದ್ಲೂ ಶನಿವಾರವೇ ಬರೆಯೋದು. ಆ ಶನಿವಾರ ಯಾರಿಗೆ ಜ್ಞಾನ ಇತ್ತು?"

ನೀಲಗಂಗಾ ರಿಜಿಸ್ಟರನ್ನು ಹಿಂದಕ್ಕೆ ತಿರುವಿದಳು. ಒಂದು ವರ್ಷದ ಪುಟಗಳು. ಯಾವ ಶುಕ್ರವಾರವೂ ಹೊರಗೆ ಹೋದದ್ದು ಬರೆದಿರಲಿಲ್ಲ, ಪ್ರತಿ ಶನಿವಾರವೂ ಎರಡು ದಿನದ್ದು ಬರೆದಿತ್ತು. ಬೆರಳು ಪುಟದ ಮೇಲೆ ಹೋಗುತ್ತಿದ್ದ ಹಾಗೆ ಅವಳ ಎದೆಯ ಭಾರ ಇಳಿಯುತ್ತ ಬಂತು. ಅವನು ಕಳ್ಳನಲ್ಲ. ಖುಷಿಯಾಯಿತು, ಬಹಳ ಖುಷಿಯಾಯಿತು, ಆದರೆ ಆ ಖುಷಿ ನಿಮಿಷವೂ ನಿಲ್ಲಲಿಲ್ಲ.

ಶುಕ್ರವಾರದ ಲಕ್ಷ್ಮಿಯ ಕಥೆಯನ್ನು ಕಂಪನಿ ನಂಬಬೇಕಲ್ಲ? ಸುಳ್ಳು ಕ್ಲೈಮು ಎಂದು ಸರ್ವೇಯರು ಕಂಡುಹಿಡಿದರೆ ಕಂಪನಿ ಪೂರ್ತಿ ಕ್ಲೈಮನ್ನೇ ತಳ್ಳಿಹಾಕಬಹುದು. ವರದಿ ಹೋಗುವ ಮೊದಲೇ ಅವನಾಗಿ ತಿದ್ದಿ ಬರೆದುಕೊಟ್ಟರೆ ಎಪ್ಪತ್ತು ಕಟ್ಟಷ್ಟೇ ಕಡಿಮೆಯಾಗುತ್ತದೆ. ಹಾಗೆ ಮಾಡಿ ಎಂದು ಹೇಳಲು ಬಾಯಿಗೆ ಬಂತು. ಆದರೆ ಒಂದು ಕಡೆಯವರಿಗೆ ದಾರಿ ಹೇಳಿಕೊಡುವುದು ಅವಳ ಕೆಲಸವಲ್ಲ. ಅವಳು ಪುಸ್ತಕ ಮುಚ್ಚಿ, ನಾಳೆ ಕೊನೆಯ ಸಲ ಬರುತ್ತೇನೆ ಎಂದಷ್ಟೇ ಹೇಳಿ ಹೊರಟಳು. ಇಡೀ ದಾರಿ, ಅವನಿಗೇ ಹೊಳೆಯಲಪ್ಪ ಎಂದು ಬೇಡಿಕೊಂಡಳು.

ಮಾರನೆಯ ದಿನ ಶೆಡ್ಡಿನ ಮುಂದಿನ ಬಯಲಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ನಿಂತಿದ್ದರು. ಬಿಚ್ಚದ ಕಟ್ಟು, ಬಿಚ್ಚಿದ ಕಟ್ಟಿನ ತಂತಿ, ಹೊಸೆದ ಬತ್ತಿಯ ಮೊರ, ಎಲ್ಲವನ್ನೂ ಎದುರಿಗೆ ಇಟ್ಟುಕೊಂಡಿದ್ದರು. ಸೊಣ್ಣಮ್ಮ ತನ್ನ ಅವರೆ ಚಪ್ಪರಕ್ಕೆ ಸುತ್ತಿದ್ದ ತಂತಿಯನ್ನೂ ಬಿಚ್ಚಿ ತಂದಿದ್ದಳು. ತಿಮ್ಮರಾಯ ಒಂದು ಕಾಗದ ಕೊಟ್ಟ. ಇನ್ನೂರ ನಲವತ್ತು ಎಂದು ತಾನು ಬರೆದದ್ದು ತಪ್ಪು, ಸುಟ್ಟದ್ದು ನೂರ ಎಪ್ಪತ್ತು ಎಂದು ಕಂಪನಿಗೆ ಬರೆದ ಕಾಗದ. ಕೆಳಗೆ ಅವನ ಸಹಿ.

ಅವಳು ಒಂದೊಂದಾಗಿ ಎಣಿಸಿದಳು. ಎಪ್ಪತ್ತು ಸರಿಯಾಗಿತ್ತು.

"ಈಗ ನಿಮ್ಮ ಕಣ್ಣಿಗೆ ಹೇಗೆ ಕಾಣ್ತೀನಿ?" ಎಂದು ಅವನು ಮೆಲ್ಲಗೆ ಕೇಳಿದ.

"ವರದಿ ಮುಗಿಯೋವರೆಗೂ ಹೇಳೋ ಹಾಗಿಲ್ಲ."

"ಮುಗಿದ ಮೇಲೆ?"

ಅವಳು ಚೀಲದ ಗುಂಡಿ ಹಾಕಿಕೊಂಡಳು. ಹಾಕಿದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದಳು. ಬರ್ತೀನಿ ಎಂದು ಅವನ ಕಡೆ ನೋಡದೆ ಲಕ್ಷ್ಮಿದೇವಮ್ಮನಿಗೆ ಹೇಳಿದಳು. ಬಸ್ಸು ಬಂದಾಗ ಅವಳಿನ್ನೂ ಮುಗುಳ್ನಗುತ್ತಿದ್ದಳು. ಕಂಡಕ್ಟರು ಎರಡು ಸಲ ಟಿಕೆಟ್ಟು ಕೇಳಬೇಕಾಯಿತು.

*

ವರದಿ ಹನ್ನೊಂದು ಪುಟ. ಬೆಂಕಿಯ ಕಾರಣ, ಶೆಡ್ಡಿನ ಅಳತೆ, ತಂತಿಯ ಎಣಿಕೆ, ಶುಕ್ರವಾರದ ಪದ್ಧತಿ, ತಿದ್ದಿದ ಕ್ಲೈಮು. ಅವಳು ಬಹಳ ಆಸೆಯಿಂದ ಟೈಪು ಮಾಡಿದಳು. ಹನ್ನೊಂದನೆಯ ಪುಟದ ಕೊನೆಗೆ ಬಂದಳು. ಪ್ರತಿಯೊಂದು ವರದಿಯ ಕೊನೆಯಲ್ಲೂ ಇರುವ ಸಾಲು ಅದು, ಶಾಂತವೀರಪ್ಪನವರಿಗಾಗಿ ಅವಳೇ ನೂರಾರು ಸಲ ಕಣ್ಣುಮುಚ್ಚಿ ಹೊಡೆದಿದ್ದ ಸಾಲು. ವಿಮೆ ಮಾಡಿಸಿದವರೊಂದಿಗೆ ನನಗೆ ಯಾವ ಸಂಬಂಧವಾಗಲಿ ಆಸಕ್ತಿಯಾಗಲಿ ಇಲ್ಲ ಎಂದು ಘೋಷಿಸುತ್ತೇನೆ.

ಅರ್ಧ ಹೊಡೆದು ಬೆರಳು ನಿಂತಿತು. ಹಾಳೆಯನ್ನು ಎಳೆದು ಹೊಸದು ಹಾಕಿದಳು. ಮತ್ತೆ ಅದೇ ಜಾಗದಲ್ಲಿ ನಿಂತಳು. ಮೂರನೆಯ ಹಾಳೆಯಲ್ಲಿ ಆ ಸಾಲಿನ ಜಾಗವನ್ನು ಖಾಲಿ ಬಿಟ್ಟು, ವರದಿಯನ್ನು ಶಾಂತವೀರಪ್ಪನವರ ಮೇಜಿನ ಮೇಲೆ ಇಟ್ಟು ಪಕ್ಕದಲ್ಲಿ ನಿಂತಳು.

ಅವರು ಹನ್ನೊಂದು ಪುಟವನ್ನೂ ಓದಿದರು. ತಂತಿಯ ಎಣಿಕೆ ಓದುವಾಗ ತಲೆದೂಗಿದರು. ಕೊನೆಯ ಪುಟದಲ್ಲಿ ಕನ್ನಡಕ ತೆಗೆದರು.

"ಒಂದು ಸಾಲು ಬಿಟ್ಟಿದೀಯ."

"ಅದು ಸುಳ್ಳಾಗುತ್ತೆ ಸಾರ್."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಆ ಹುಡುಗ ಏನಾದ್ರೂ ಹೇಳಿದ್ನಾ?"

"ಇಲ್ಲ."

"ನೀನು?"

"ಇಲ್ಲ ಸಾರ್. ಒಂದು ಲೋಟ ಕಾಫಿ ಕೂಡ ಕುಡಿದಿಲ್ಲ. ಈ ಸಾಲು ಹೊಡೆಯೋಕೆ ಹೋದಾಗಲೇ ನನಗೂ ಗೊತ್ತಾಗಿದ್ದು."

ಹೇಳಿದ ಮೇಲೆ ಅವಳಿಗೆ ಅಳು ಬಂತು. ನಾಚಿಕೆಯ ಅಳು ಅರ್ಧ, ಕೈಯಾರ ಕಳೆದುಕೊಂಡ ಲೈಸೆನ್ಸಿನದು ಅರ್ಧ. ಶಾಂತವೀರಪ್ಪನವರು ಸಮಾಧಾನ ಹೇಳುವ ಜಾತಿಯವರಲ್ಲ. ಕಡತವನ್ನು ಕಟ್ಟಿ, ಇದನ್ನು ಇನ್ನೊಬ್ಬ ಸರ್ವೇಯರು ಮರುಳಸಿದ್ದಪ್ಪನವರಿಗೆ ಒಪ್ಪಿಸುತ್ತೇನೆ, ಅವರು ಮೊದಲಿಂದ ಸರ್ವೆ ಮಾಡಲಿ ಎಂದರು. ಕಡತ ಮುಗಿಯುವ ತನಕ ನೀನು ಸಾರಕ್ಕಿಯ ದಿಕ್ಕಿಗೆ ತಲೆ ಹಾಕಬಾರದು, ಆ ಹುಡುಗನ ಜೊತೆ ಒಂದು ಮಾತೂ ಆಡಬಾರದು, ಆಡಿದರೆ ಅವನ ಕ್ಲೈಮಿಗೇ ಕುತ್ತು ಎಂದರು. ಕೊನೆಯ ಪುಟವನ್ನು ಮಾತ್ರ ಅವಳಿಗೆ ಹಿಂದಕ್ಕೆ ಕೊಟ್ಟರು. ಸಾಕ್ಷಿಪತ್ರದ ಮಾತು ಎತ್ತಲಿಲ್ಲ. ಅವಳಿಗೂ ಕೇಳುವ ಮುಖ ಇರಲಿಲ್ಲ.

ಅರ್ಜಿ ಕಳಿಸಬೇಕಾದ ದಿನ ಅವರು ಅಂಟಿಸಿದ ಲಕೋಟೆಯೊಂದನ್ನು ಕೊಟ್ಟು, ಅರ್ಜಿಯ ಜೊತೆ ಹಾಕು, ತೆರೆಯಬೇಡ ಎಂದರು. ಏನೋ ನಾಲ್ಕು ಸಾಲು ಕಾಟಾಚಾರಕ್ಕೆ ಬರೆದಿರಬೇಕು ಎಂದು ಅವಳು ಹಾಗೆಯೇ ಹಾಕಿದಳು. ಅಪ್ಪನೇ ಅಂಚೆ ಕಚೇರಿಯಲ್ಲಿ ಅದನ್ನು ರಿಜಿಸ್ಟರು ಮಾಡಿ ರಸೀದಿ ತಂದುಕೊಟ್ಟರು.

ಒಂದು ಮಧ್ಯಾಹ್ನ ಆಫೀಸಿನ ಗೇಟಿನ ಹತ್ತಿರ ಸೈಕಲ್ಲು ನಿಂತಿತು. ತಿಮ್ಮರಾಯ. ನೀಲಗಂಗಾ ಟೈಪ್‌ರೈಟರು ಬಿಟ್ಟು ಒಳಬಾಗಿಲ ಹಿಂದೆ ಸರಿದು ನಿಂತಳು. ಮೇಡಂ ಇದ್ದಾರಾ, ವರದಿ ಬಿಟ್ಟುಬಿಟ್ಟರಂತಲ್ಲ, ನನ್ನ ಲೆಕ್ಕದಲ್ಲಿ ಏನಾದರೂ ಸುಳ್ಳು ಕಂಡಿತಾ ಎಂದು ಅವನು ಕೇಳುವುದು ಕೇಳಿಸಿತು. ಎಲ್ಲವನ್ನೂ ಮರುಳಸಿದ್ದಪ್ಪನವರನ್ನೇ ಕೇಳಬೇಕು ಎಂದರು ಶಾಂತವೀರಪ್ಪನವರು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಬಾಗಿಲಿನ ಸಂದಿಯಲ್ಲಿ ಅವಳಿಗೆ ಅವನ ಬೆನ್ನು ಮಾತ್ರ ಕಂಡಿತು, ಬೆವರಿಗೆ ಅಂಟಿದ ಬಿಳಿ ಅಂಗಿ. ಎರಡು ಹೆಜ್ಜೆ ಇಟ್ಟರೆ ಸಾಕಿತ್ತು. ಅವಳು ಚಿಲಕವನ್ನು ಗಟ್ಟಿಯಾಗಿ ಹಿಡಿದು ನಿಂತೇ ಇದ್ದಳು. ಸೈಕಲ್ಲು ಹೋಯಿತು.

ಶ್ರಾವಣ ಕಳೆಯಿತು. ಗೌರಿ ಹಬ್ಬ ಬಂದು ಹೋಯಿತು. ನವರಾತ್ರಿಯಲ್ಲಿ ದಾವಣಗೆರೆಯವರು ಬಂದು ನೋಡಿಕೊಂಡು ಹೋದರು. ಹುಡುಗಿ ಸ್ವಲ್ಪ ಬಡಕಲು, ಆದರೂ ಪರವಾಗಿಲ್ಲ ಎಂದರಂತೆ. ದಿನಾ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗುವಾಗ ಅವಳು ಏನನ್ನೂ ಕೇಳುತ್ತಿರಲಿಲ್ಲ, ಸಂಜೆ ಬಂದಾಗ ಅಪ್ಪ ಏನನ್ನೂ ಹೇಳುತ್ತಿರಲಿಲ್ಲ.

*

ದೀಪಾವಳಿಗೆ ಇನ್ನೊಂದು ವಾರವಿತ್ತು. ಅಂದು ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆ, ಎಂದೂ ಆ ಹೊತ್ತಿಗೆ ಮನೆಗೆ ಬಾರದ ಅಪ್ಪ ಬಂದರು. ಕೈಯಲ್ಲಿ ರಿಜಿಸ್ಟರ್ಡ್ ಲಕೋಟೆ, ಶಿಮ್ಲಾದ ಮುದ್ರೆ. ಎಷ್ಟು ದಿನ ಬೇಕಾದರೂ ಅದನ್ನು ತಡೆದಿಡಬಹುದಾಗಿದ್ದ ಮನುಷ್ಯ. ಬೇಕಾದವರ ಕಾಗದವೋ ಬೇಡದವರ ಕಾಗದವೋ, ಬಂದ ದಿನವೇ ಮುಟ್ಟಿಸಬೇಕೆಂದು ಮೂವತ್ತು ವರ್ಷ ನಡೆದುಕೊಂಡ ಮನುಷ್ಯ. ಮೊದಲು ಚೀಟಿಯನ್ನು ಮುಂದೆ ಹಿಡಿದರು.

"ಇಲ್ಲಿ ಸೈನ್ ಹಾಕು. ಆಮೇಲೆ ಕೊಡ್ತೀನಿ."

ಅವಳ ಸಹಿ ಅಂಕುಡೊಂಕಾಯಿತು. ಲಕೋಟೆ ಒಡೆದಳು. ಒಳಗೆ ಅವಳ ಹೆಸರು, ಒಂದು ನಂಬರು, ಒಂದು ಮೊಹರು. ಅವಳು ಓದಿ ಮುಗಿಸುವ ತನಕ ಅಪ್ಪ ನಿಂತಿದ್ದರು. ಆಮೇಲೆ ಟೋಪಿ ಹಾಕಿಕೊಂಡು, ದಾವಣಗೆರೆಯವರಿಗೆ ಇವತ್ತೇ ಕಾಗದ ಬರೆಯುತ್ತೇನೆ ಎಂದು ಹೇಳಿ ಕೆಲಸಕ್ಕೆ ಹೊರಟರು. ಬೀದಿಯ ತಿರುವಿನಲ್ಲಿ ಒಂದು ಸಲ ತಿರುಗಿ ನೋಡಿದರು.

ಜಯನಗರಕ್ಕೆ ಓಡಿದವಳು ಶಾಂತವೀರಪ್ಪನವರ ಕಾಲಿಗೆ ಬಿದ್ದಳು. ಅವರು ಮೇಜಿನ ಖಾನೆಯಿಂದ ಕೈಬರಹದ ಒಂದು ನಕಲು ತೆಗೆದು ಕೊಟ್ಟರು. ಶಿಮ್ಲಾಕ್ಕೆ ಹೋದ ಪತ್ರ ಅದು. ಈ ಅರ್ಜಿದಾರರು ತಾವೊಬ್ಬರೇ ಮಾಡಿದ ಮೊದಲ ವರದಿಗೆ ಸಹಿ ಹಾಕದೆ ಹಿಂತಿರುಗಿಸಿದರು, ಅದರ ಒಂದು ಸಾಲು ತಮ್ಮ ಮಟ್ಟಿಗೆ ನಿಜವಲ್ಲ ಎಂಬ ಕಾರಣಕ್ಕೆ. ಇಂಥವರ ಸಹಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ ಎಂದು ಬರೆದಿದ್ದರು.

"ಸಾರಕ್ಕಿ ಕಡತ ಮಂಗಳವಾರ ಮುಗೀತು," ಎಂದರು ಅವರು, ಕಿಟಕಿಯ ಆಚೆ ನೋಡುತ್ತ. "ಮರುಳಸಿದ್ದಪ್ಪನೋರು ಎಣಿಸಿದ್ದೂ ನೂರ ಎಪ್ಪತ್ತೇ. ದುಡ್ಡು ಮಂಜೂರಾಯ್ತು. ಇವತ್ತು ಟೈಪಿಂಗ್ ಏನೂ ಇಲ್ಲ, ಹೋಗು."

*

ಹಳೆಯ ನಾಲ್ಕು ಕಂಬಗಳ ನಡುವೆ ಹೊಸ ಗೋಡೆ ಸೊಂಟದೆತ್ತರ ಬಂದಿತ್ತು. ತಿಮ್ಮರಾಯ ಇಟ್ಟಿಗೆ ಎತ್ತಿಕೊಡುತ್ತಿದ್ದ. ಅವಳನ್ನು ನೋಡಿ ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟ. ಅವನ ಮುಖ ಬಿಗಿಯಾಗಿಯೇ ಇತ್ತು.

"ಸರ್ವೆ ಮುಗೀತಲ್ಲ ಮೇಡಂ."

"ಮುಗೀತು. ಅದಕ್ಕೇ ಬಂದೆ."

ಇಷ್ಟು ದಿನ ಬಾರದವರು ಎಂದು ಅವನು ಶುರುಮಾಡಿದ. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಮಾತು. ತಪ್ಪನ್ನು ತಿದ್ದಿ ಬರೆದುಕೊಟ್ಟ ಮೇಲೂ ಕಳ್ಳ ಎಂದುಕೊಂಡೇ ಬಿಟ್ಟುಹೋದಿರಿ, ಆಫೀಸಿಗೆ ಬಂದರೆ ಬಾಗಿಲ ಹಿಂದೆ ನಿಂತಿರಿ, ನಿಮ್ಮ ಬೂಟು ಕಾಣಿಸುತ್ತಿತ್ತು ಎಂದ. ದನಿ ಏರಲಿಲ್ಲ, ಅದೇ ಹೆಚ್ಚು ನೋವಾಗುವಂತಿತ್ತು. ಅವಳು ಎಲ್ಲವನ್ನೂ ಕೇಳಿ, ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅವನ ಕೈಗಿತ್ತಳು. ವರದಿಯ ಹನ್ನೊಂದನೆಯ ಪುಟ.

"ಕೆಳಗೆ ಜಾಗ ಖಾಲಿ ಇದೆಯಲ್ಲ, ಅಲ್ಲೊಂದು ಸಾಲು ಇರಬೇಕಿತ್ತು. ವಿಮೆ ಮಾಡಿಸಿದವರಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅವರ ಮೇಲೆ ನನಗೆ ಯಾವ ಆಸಕ್ತಿಯೂ ಇಲ್ಲ ಅಂತ. ಅದನ್ನ ಬರೆದು ಸೈನ್ ಹಾಕ್ಬೇಕಿತ್ತು." ಉಸಿರು ಎಳೆದುಕೊಂಡಳು. "ನನ್ನ ಕೈಲಿ ಆಗ್ಲಿಲ್ಲ."

ಅವನು ಆ ಖಾಲಿ ಜಾಗವನ್ನೇ ನೋಡುತ್ತ ನಿಂತ. ನೋಡುತ್ತ ನೋಡುತ್ತ ಕಿವಿ ಕೆಂಪಾಗತೊಡಗಿತು, ಮೊದಲ ದಿನ ಟೇಪು ಹಿಡಿದು ಕೂತಾಗ ಆದ ಹಾಗೆಯೇ. ಹಾಳೆಯನ್ನು ಜೋಪಾನವಾಗಿ ಮತ್ತೆ ಮಡಿಸಿದ.

"ಲೈಸೆನ್ಸು?"

"ಇವತ್ತು ಬಂತು. ಆದರೆ ಈ ಶೆಡ್ಡಿನ ಸರ್ವೆಗೆ ನಾನು ಇನ್ಯಾವತ್ತೂ ಬರೋ ಹಾಗಿಲ್ಲ."

"ಮತ್ತೆ ಇಲ್ಲಿಗೆ ಹೇಗೆ ಬರ್ತೀರಿ?"

"ಅದನ್ನ ನೀವು ಅಂಚೆ ಕಚೇರೀಲಿರೋ ನಮ್ಮಪ್ಪನ್ನ ಕೇಳ್ಬೇಕು. ಸುಲಭಕ್ಕೆ ಒಪ್ಪೋರಲ್ಲ. ನಮ್ಮ ಜನ, ನಿಮ್ಮ ಜನ ಅಂತ ನೂರು ಹೇಳ್ತಾರೆ."

"ಕೇಳ್ತೀನಿ," ಎಂದ. "ಒಪ್ಪೋವರೆಗೂ ದಿನಾ ಒಂದು ಕಾಗದ ಹಾಕ್ತೀನಿ. ಅಂಚೆಯವರಲ್ವಾ, ಮುಟ್ಟಿಸಲೇಬೇಕು."

ಅವಳು ನಕ್ಕುಬಿಟ್ಟಳು. ಈ ಸಲ ತಡೆದುಕೊಳ್ಳಲಿಲ್ಲ. ನಗುತ್ತಲೇ ಕೈಚಾಚಿ ಅವನ ರೆಪ್ಪೆಯ ಮೇಲಿದ್ದ ಇಟ್ಟಿಗೆಯ ಧೂಳನ್ನು ಒರೆಸಿದಳು.

ಹೊಸಿಲಲ್ಲಿ ಲಕ್ಷ್ಮಿದೇವಮ್ಮ ಹಿತ್ತಾಳೆ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಂದೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಅವರ ಕೈಯಿಂದ ನೀಲಗಂಗಾ ತಾನೇ ಹೋಗಿ ಲೋಟ ತೆಗೆದುಕೊಂಡಳು. ಕಾಫಿ ಆರಿತ್ತು. ಒಂದು ಹನಿಯೂ ಬಿಡದೆ ಕುಡಿದಳು. ಲಕ್ಷ್ಮಿದೇವಮ್ಮನ ಕಣ್ಣು ತುಂಬಿತು. ಒಳಗೆ ಹೋಗಿ ರಿಜಿಸ್ಟರನ್ನೂ ಪೆನ್ನನ್ನೂ ತಂದು ಮಗನ ಮುಂದೆ ಇಟ್ಟರು.

"ಬರಿ."

"ಇವತ್ತು ಶುಕ್ರವಾರ ಕಣವ್ವ," ಎಂದ ತಿಮ್ಮರಾಯ.

"ಹೋಗಿದ್ದನ್ನ ಬರೀಬಾರದು. ಬಂದಿದ್ದನ್ನ ಬರೀಬಹುದು."

ಅವನು ಗೋಡೆಯ ಮೇಲೆ ಪುಸ್ತಕವಿಟ್ಟು, ತಾರೀಖು ಹಾಕಿ, ಒಳಗೆ ಬಂದದ್ದು ಎನ್ನುವ ಕಡೆ ಅವಳ ಹೆಸರು ಬರೆದ. ನೀಲಗಂಗಾ ಅದನ್ನು ಓದಿದಳು. ತಪ್ಪೇನೂ ಇರಲಿಲ್ಲ. ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಹೆಸರಿನ ಪಕ್ಕದಲ್ಲಿ ನಿಧಾನವಾಗಿ, ಅಂದವಾಗಿ ಸಹಿ ಹಾಕಿದಳು.